ಹಿಂದೆ ನಿಂತು ಕೇಳುವವರು ಬೇಕಾಗಿದ್ದಾರೆ

ಮೈಕ್ ಸೆಟ್ ಬಾಡಿಗೆಗೆ ಕೊಡುವವನಿಗೆ ನಗೆಪಾಟಲು ತಪ್ಪಿದ್ದಲ್ಲ. ಊಟ ಕೆಟ್ಟರೆ ಜನ ಅಡುಗೆಯವನನ್ನು ಬೈಯುತ್ತಾರೆ. ಆದರೆ ಭಾಷಣ ಕೆಟ್ಟರೂ, ಹಾಡು ಕೆಟ್ಟರೂ, ಕರೆಂಟು ಹೋದರೂ ನನ್ನ ಕಡೆಗೇ ತಿರುಗಿ ನೋಡುತ್ತಾರೆ. ರಾಯಚೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನದು ಇದೇ ಕಸುಬು. ಮದುವೆ, ಸೀಮಂತ, ಭಜನೆ, ಶಾಲೆಯ ಗ್ಯಾದರಿಂಗು, ಯಾವುದಕ್ಕೂ ಒಲ್ಲೆ ಅಂದವನಲ್ಲ.

ಈ ಕಸುಬಿಗೆ ಇಬ್ಬರು ಬೇಕು. ಒಬ್ಬರು ದನಿ ಏರಿಸಿ ಇಳಿಸುವ ಮಿಕ್ಸರ್ ಮುಂದೆ ಕೂರಬೇಕು. ಇನ್ನೊಬ್ಬರು ಜನರ ಹಿಂದೆ ಹೋಗಿ ನಿಂತು, ಅಲ್ಲಿ ಹೇಗೆ ಕೇಳುತ್ತಿದೆ ಅಂತ ತಿಳಿಸಬೇಕು. ಕೂರುವವನು ನಾನು, ನಿಲ್ಲುವವಳು ನನ್ನ ಹೆಂಡತಿ. ಅವಳ ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. "ನಿಮ್ಮ ಸೆಟ್ಟಿನ್ಯಾಗ ತಬಲಾ ಅಂದ್ರ ತಗಡ ಬಡದಂಗ ಕೇಳ್ತದ ನೋಡ್ರಿ. ಒಂದೀಟು ಬೇಸ್ ಬರೂ ಹಂಗ ಮಾಡ್ರಿ," ಅಂತ ವರ್ಷಗಟ್ಟಲೆ ಹೇಳಿದಳು. ನಾನು ನಾಳೆ, ನಾಡಿದ್ದು ಅನ್ನುತ್ತಾ ಬಂದೆ. ಅಷ್ಟರಲ್ಲಿ ಅವಳು ತೀರಿಕೊಂಡಳು.

ಅದಾಗಿ ಆರು ತಿಂಗಳಿಗೆ, ಮನೆಯಲ್ಲಿ ಕೂರಲಾಗದೆ ಹೈದರಾಬಾದಿಗೆ ಹೋಗಿ ತಗ್ಗಿನ ದನಿಗೆ ಎರಡು ದೊಡ್ಡ ಬೇಸ್ ಪೆಟ್ಟಿಗೆ, ಒಂದು ಇಕ್ವಲೈಜರ್ ತಂದೆ. ಇಕ್ವಲೈಜರಿನ ಮೇಲೆ ಸಾಲಾಗಿ ಮೂವತ್ತೊಂದು ಗುಂಡಿಗಳಿವೆ. ಒಂದೊಂದನ್ನೂ ಮೇಲೆ ಕೆಳಗೆ ಸರಿಸಿ, ದನಿಯಲ್ಲಿ ಬೇಕಾದ್ದನ್ನು ಏರಿಸಬಹುದು, ಬೇಡದ್ದನ್ನು ಇಳಿಸಬಹುದು. ಎಲ್ಲಾ ಸರಿ, ಆದರೆ ಹಿಂದೆ ನಿಂತು ಕೇಳುವವರೇ ಇಲ್ಲ. ತಬಲಾ ಈಗ ತಬಲಾದ ಹಾಗೆ ಕೇಳುತ್ತದೆ ಅಂತ ಯಾರಾದರೂ ಒಬ್ಬರು ಹೇಳಿದ್ದರೆ ನನಗೆ ಅಷ್ಟೇ ಸಾಕಾಗಿತ್ತು. ಹಾಗೆ ಒಬ್ಬರನ್ನು ಹುಡುಕಲು ಹೋಗಿ ಪಟ್ಟ ಪಾಡು ಇದು.

ಕಾಕಾನ ನಡಿಗೆ

ಸೆಟ್ ಬಂದ ದಿನ ಮನೆ ಮುಂದೆಯೇ ಜೋಡಿಸಿದೆ. ಪಕ್ಕದ ಮನೆಯಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಿದ್ದಾರೆ. ಓಣಿಗೆಲ್ಲ ಅವರು ಕಾಕಾ. "ಕಾಕಾ, ಒಂದೀಟು ಹಿಂದಕ್ಕ ಹೋಗಿ ನಿಂತು, ಹೆಂಗ ಕೇಳ್ತದ ಹೇಳ್ರಿ," ಅಂದೆ. ಅವರು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು, ಕೊಡೆ ಹಿಡಿದು ಹೊರಟರು. ಕೊಡೆ ಯಾಕೆ ಅಂತ ಆಗಲೇ ಕೇಳಬೇಕಿತ್ತು.

ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು, ಕಾಕಾ ಇಲ್ಲ. ಅದೇ ತಬಲಾ ರೆಕಾರ್ಡನ್ನು ಹನ್ನೊಂದನೇ ಸಲ ಹಚ್ಚಿದಾಗ ಎದುರು ಮನೆಯವರು ಕಿಟಕಿ ಹಾಕಿಕೊಂಡರು. ಒಂದೂವರೆ ಗಂಟೆಯ ಮೇಲೆ ಒಂದು ಆಟೋ ಬಂದು ನಿಂತಿತು. ಕಾಕಾ ಬೆವರು ಒರೆಸಿಕೊಳ್ಳುತ್ತಾ ಇಳಿದರು.

"ಸ್ಟೇಷನ್ ಮಟ ಕೇಳ್ತದಪಾ! ಪ್ಲಾಟ್‌ಫಾರಂ ಮ್ಯಾಲೂ ಹೋದೆ. ಅಲ್ಲಿ ಗಾಡಿ ಬಂತು, ಆಮ್ಯಾಲ ತಿಳೀಲಿಲ್ಲ."

"ಅಲ್ರಿ ಕಾಕಾ, ತಬಲಾ ಹೆಂಗ ಕೇಳ್ತು?"

"ತಬಲಾನಾ? ನಾ ಸದ್ದು ಎಲ್ಲಿ ಮಟ ಬರ್ತದಂತ ನೋಡಾಕ ಹೋಗಿದ್ದೆ. ಇನ್ನೊಮ್ಮಿ ಹಚ್ಚು, ಈ ಸಲ ಮಂತ್ರಾಲಯ ರೋಡಿನ ಕಡಿ ಹೋಗಿ ಬರ್ತೀನಿ."

ಬೇರಿಂಗ್

ಸಿರವಾರದಲ್ಲಿ ಒಬ್ಬ ರೈಸ್ ಮಿಲ್ ಮಾಲೀಕರ ಮಗಳ ಮದುವೆ. ಬೇಸ್ ಪೆಟ್ಟಿಗೆಗಳಿಗೆ ಮೊದಲ ಬಾಡಿಗೆ. ಮಾಲೀಕರು ಬೀಗರನ್ನು ಮಾತಾಡಿಸುತ್ತಾ ಪೆಟ್ಟಿಗೆಯ ಹತ್ತಿರ ಬಂದವರು ಗಕ್ಕನೆ ನಿಂತರು. ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟರು, ಕಣ್ಣು ಮುಚ್ಚಿದರು. ನನಗೆ ಎದೆ ತುಂಬಿ ಬಂತು. ಸಿಕ್ಕರಪ್ಪ ಕೇಳುವವರು ಒಬ್ಬರು, ಅಂದುಕೊಂಡೆ.

ಅವರು ಕಣ್ಣು ತೆರೆದು, "ಇದರ ಬೇರಿಂಗ್ ಹೋಗ್ಯಾದ," ಅಂದರು.

"ಇದರಾಗ ಬೇರಿಂಗ್ ಇರಂಗಿಲ್ರಿ ಸಾವ್ಕಾರ್ರ."

"ನನಗ ಹೇಳಾಕ ಬರಬ್ಯಾಡ. ಮೂವತ್ತು ವರ್ಷ ಮಿಲ್ ನಡಿಸೀನಿ. ಹಿಂಗ ಧಡ್ ಧಡ್ ಅಂತ ನಡುಗಿದ್ರ ಎಲ್ಡು ದಿನದಾಗ ಸೀಜ್ ಆಗಿ ನಿಂತಬಿಡ್ತದ."

ನಾನು ಬೇಡ ಬೇಡ ಅಂದರೂ ಮಿಲ್ಲಿನ ಫಿಟ್ಟರ್ ಬಂದೇಬಿಟ್ಟ. ಪೆಟ್ಟಿಗೆಯನ್ನು ಮೂರು ಸುತ್ತು ಹಾಕಿ, ಕಿವಿಗೊಟ್ಟು ಕೇಳಿ, ಮಾಲೀಕರ ಕಡೆ ತಿರುಗಿ ಹೌದು ಅಂತ ತಲೆಯಾಡಿಸಿದ. ಬಿಚ್ಚಲು ಮಾತ್ರ ನಾನು ಬಿಡಲಿಲ್ಲ. ಕೊನೆಗೆ ರಾಜಿಯಾಗಿ, ಹೊಟ್ಟು ತುಂಬಿದ ಎರಡು ಚೀಲ ತರಿಸಿ ಪೆಟ್ಟಿಗೆಗಳ ಕೆಳಗೆ ಹಾಕಿದ. ಹೇಳಲು ನಾಚಿಕೆಯಾಗುತ್ತದೆ, ನೆಲ ಅದುರುವುದು ನಿಂತು ದನಿ ತಿಳಿಯಾಯಿತು. ಆ ಚೀಲಗಳನ್ನು ಇವತ್ತಿಗೂ ಒಯ್ಯುತ್ತೇನೆ. ಹೋಗುವಾಗ ಫಿಟ್ಟರ್ ಗುಟ್ಟಾಗಿ ಹೇಳಿದ: "ಸದ್ಯಕ್ಕ ನಡೀತದ್ರಿ. ಆದ್ರೂ ವಾರಕ್ಕೊಮ್ಮಿ ಗ್ರೀಸ್ ಹಚ್ಚರಿ."

ಒಂದೇ ಸಾಲು

ಮಾನ್ವಿಯ ಒಂದು ಶಾಲೆಯಲ್ಲಿ ವಾರ್ಷಿಕ ಗ್ಯಾದರಿಂಗ್ ಇತ್ತು. ಬೆಳಿಗ್ಗೆಯಿಂದ ನಾನೇ ಮಿಕ್ಸರಿನಿಂದ ಮೈದಾನದ ತುದಿಗೆ, ತುದಿಯಿಂದ ಮಿಕ್ಸರಿಗೆ ಓಡಾಡಿ, ಮೂವತ್ತೊಂದು ಗುಂಡಿಗಳನ್ನು ಹದಕ್ಕೆ ತಂದಿದ್ದೆ. ಮೊದಲು ನಾನು ಚಹಾಕ್ಕೆ ಹೋದರೆ ಹೆಂಡತಿ ಸೆಟ್ ಕಾಯುತ್ತಿದ್ದಳು. ಈಗ ಸೆಟ್ಟನ್ನು ದೇವರ ಮೇಲೆ ಬಿಟ್ಟು ಹೋಗಬೇಕು.

ಚಹಾ ಕುಡಿದು ಬರುವಷ್ಟರಲ್ಲಿ ಸ್ವಾಗತ ಗೀತೆ ಶುರುವಾಗಿ, ಸ್ಪೀಕರು ಕುಂಯ್ ಅಂತ ಚೀರುತ್ತಿತ್ತು. ಮಕ್ಕಳು ಕಿವಿ ಮುಚ್ಚಿಕೊಂಡಿದ್ದರು. ಓಡಿ ಬಂದು ನೋಡಿದರೆ, ಇಕ್ವಲೈಜರಿನ ಗುಂಡಿಗಳೆಲ್ಲ ದಾರ ಹಿಡಿದಂತೆ ಒಂದೇ ಸಾಲಿನಲ್ಲಿವೆ. ಪಕ್ಕದಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಪಿ.ಟಿ. ಮಾಸ್ತರು ಕೈಕಟ್ಟಿ ನಿಂತಿದ್ದಾರೆ.

"ಯಾರ್ರಿ ಮುಟ್ಟಿದೋರು?"

"ನಾನೇ ರೀ. ಒಂದು ಮ್ಯಾಲ, ಒಂದು ಕೆಳಗ, ಸೊಟ್ಟಂಬಟ್ಟ ನಿಂತಿದ್ವು. ನಮ್ಮ ಶಾಲಿಯಾಗ ಅದೆಲ್ಲ ನಡೆಯಂಗಿಲ್ಲ."

ಕೇಳ್ತದೇನ?

ರಾಯಚೂರಿನ ಒಂದು ಕಲ್ಯಾಣ ಮಂಟಪ. ಸಂಜೆ ಸೀಮಂತ, ನಾನು ಮಧ್ಯಾಹ್ನವೇ ಹೋಗಿ ಜೋಡಿಸಿದ್ದೆ. ಐನೂರು ಖಾಲಿ ಕುರ್ಚಿ, ನಾನೊಬ್ಬ. ಮೈಕ್ ಹಿಡಿದು, ಅಭ್ಯಾಸಬಲದಿಂದ, ಹಿಂದಿನ ಗೋಡೆಯ ಕಡೆ ನೋಡುತ್ತಾ ಕೇಳಿಬಿಟ್ಟೆ: "ಕೇಳ್ತದೇನ?"

ಒಳಗಿನಿಂದ ಉತ್ತರ ಬಂತು. "ಕೇಳ್ತದಪಾ!"

ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಆಮೇಲೆ ತಿಳಿಯಿತು, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಹೆಂಗಸರು. ನಾನು ಧೈರ್ಯ ಮಾಡಿ ಮೈಕಿನಲ್ಲೇ ಕೇಳಿದೆ: "ಹೆಂಗ ಕೇಳ್ತದ?"

"ನಮ್ಮ ಬದನಿಕಾಯಿ ಕುಣ್ಯಾಕತ್ಯಾವು! ನಿಂದು ಊಟ ಆತೇನ?"

"ಇಲ್ಲಬೇ."

ಒಬ್ಬ ಮುದುಕಿ ಈಳಿಗೆಮಣೆ ಬಿಟ್ಟು ಬಾಗಿಲಿಗೇ ಬಂದಳು. ಖಾಲಿ ಮಂಟಪವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಯಾರ್ನ ಕೇಳಾಕತ್ತಿಯೋ ಯಪ್ಪಾ ಆವಾಗಿಂದ? ಹೆಸರು ಹೇಳು, ಒಳಗಿದ್ರ ಕಳಸ್ತೀನಿ."

ನಾನು ಮೈಕ್ ಆರಿಸಿ ಕೆಳಗಿಟ್ಟೆ. ಅವಳು ಒಂದು ತಟ್ಟೆಯಲ್ಲಿ ಬಿಸಿ ರೊಟ್ಟಿ, ಪಲ್ಯ ತಂದಿಟ್ಟು ಹೋದಳು. ಮನೆಯಲ್ಲಿ ಒಬ್ಬನೇ ಉಣ್ಣುವುದು ರೂಢಿಯಾಗಿದೆ. ಐನೂರು ಕುರ್ಚಿಗಳ ನಡುವೆ ಒಬ್ಬನೇ ಉಂಡದ್ದು ಅದೇ ಮೊದಲು.

ಶಾಲು

ಈಗ ದೇವದುರ್ಗದ ಕಡೆಯ ಅರಕೇರಾದಲ್ಲಿ ಆದದ್ದು. ಅದಕ್ಕೆ ಮೊದಲು ನನ್ನ ಹೆಂಡತಿಯ ಸನ್ನೆ ಏನಿತ್ತು ಅಂತ ಹೇಳಬೇಕು. ಹೆಂಗಸರ ನಡುವೆ ನಿಂತು ಗಂಡನಿಗೆ ಕೈ ಬೀಸುವುದು ಅವಳಿಗೆ ನಾಚಿಕೆ. ಅದಕ್ಕೆ ಸೆರಗಿನಲ್ಲೇ ಹೇಳುತ್ತಿದ್ದಳು. ಸೆರಗು ಹೆಗಲ ಮೇಲಿದ್ದರೆ ಸರಿಯಿದೆ ಅಂತ. ತಲೆ ಮೇಲೆ ಎಳೆದುಕೊಂಡರೆ ಸದ್ದು ಜಾಸ್ತಿ, ಇಳಿಸಿ ಅಂತ. ಅಷ್ಟು ವರ್ಷ ನನ್ನ ಕೈ ಆ ಸೆರಗಿನ ಮಾತು ಕೇಳಿಯೇ ಕೆಲಸ ಮಾಡಿದ್ದು.

ಅವತ್ತು ಸಂಜೆ ಊರ ನಡುವೆ ಭಜನೆ. ಹೊಟ್ಟಿನ ಚೀಲದ ಮೇಲೆ ಬೇಸ್ ಪೆಟ್ಟಿಗೆ, ಗುಂಡಿಗಳೆಲ್ಲ ನಾನಿಟ್ಟ ಜಾಗದಲ್ಲೇ ಇದ್ದವು. ತಬಲಾದವನು ಎಡಗೈ ಒತ್ತಿ ನುಡಿಸಿದಾಗ ಆ ಗುಮ್ ಅನ್ನುವ ದನಿ ಬಂದು ಎದೆಗೆ ಮುಟ್ಟಿತು. ಇದು ತಗಡಲ್ಲ, ತಬಲಾನೇ. ಖುಷಿಗೆ ತಲೆಯೆತ್ತಿ ಹಿಂದೆ ನೋಡಿದೆ.

ಹಿಂದೆ ಕೂತ ಅರವತ್ತು ಹೆಂಗಸರು, ಎಲ್ಲರೂ ಒಟ್ಟಿಗೆ, ಸರಕ್ಕನೆ ಸೆರಗನ್ನು ತಲೆ ಮೇಲೆ ಎಳೆದುಕೊಂಡರು.

ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಮಿಕ್ಸರಿನಲ್ಲಿ ಒಟ್ಟು ಸದ್ದಿನ ಮಾಸ್ಟರ್ ಗುಂಡಿಯನ್ನು ಪೂರ್ತಿ ಕೆಳಗೆ ಎಳೆದುಬಿಟ್ಟಿತು. ಸದ್ದೆಲ್ಲ ನಿಂತುಹೋಯಿತು. ಹಾಡುವವರು ತೆರೆದ ಬಾಯಿಯಲ್ಲೇ ಉಳಿದರು. ಭಜನೆ ಏರ್ಪಡಿಸಿದವರು ಓಡಿ ಬಂದರು.

"ಏನಾತ್ರಿ? ಯಾಕ ಬಂದ್ ಮಾಡಿದ್ರಿ?"

"ಹೆಣ್ಮಕ್ಕಳು ಸದ್ದು ಜಾಸ್ತಿ ಆತಂದ್ರು."

"ಯಾವ ಹೆಣ್ಮಕ್ಕಳು?"

"ಎಲ್ಲಾರೂ."

ಆಮೇಲೆ ನೋಡಿದೆ. ಪಕ್ಕದ ದಾರಿಯಿಂದ ಊರಿನ ಹಿರಿಯರಾದ ಗೌಡರು ಕೋಲೂರಿಕೊಂಡು ಬರುತ್ತಿದ್ದರು. ಹೆಂಗಸರು ಸೆರಗು ಹೊದ್ದದ್ದು ಅವರನ್ನು ಕಂಡು. ಗೌಡರು ಆ ಮೌನದಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾ ವೇದಿಕೆ ಹತ್ತಿದರು. ಮುಖ ಅರಳಿತ್ತು. ಮೈಕಿಲ್ಲದೆಯೇ ಗುಡುಗಿದರು.

"ನಾ ಬಂದೀನಂತ ಎದ್ದು ನಿಂತೋರನ್ನ ಕಂಡೀನಿ, ಹಾರ ಹಾಕಿದೋರನ್ನ ಕಂಡೀನಿ. ಭಜನಿ ನಿಲ್ಲಿಸಿ ಮರ್ಯಾದಿ ಕೊಟ್ಟೋನು ಇವನೊಬ್ಬನೇ! ಕರೀರಿ ಅವನ್ನ!"

ನನ್ನನ್ನು ಎಳೆದುಕೊಂಡು ಹೋಗಿ ಶಾಲು ಹೊದಿಸಿದರು. "ನೀವೂ ಎಲ್ಡು ಮಾತಾಡ್ರಿ," ಅಂತ ಏರ್ಪಡಿಸಿದವರು ಮೈಕನ್ನು ಕೈಗಿಟ್ಟರು. ಇಷ್ಟು ವರ್ಷ ಎಲ್ಲರ ಕೈಗೂ ಮೈಕ್ ಕೊಟ್ಟವನು ನಾನು. ಜನರ ಮುಂದೆ ಅದನ್ನು ಹಿಡಿದದ್ದು ಅದೇ ಮೊದಲು. ಸುಳ್ಳಿನ ಶಾಲು ಹೊದ್ದು ಬರಲು ಮನಸ್ಸಾಗಲಿಲ್ಲ. ನನ್ನ ದನಿ ಮೊದಲೇ ಸಣ್ಣದು, ಪಕ್ಕದವರಿಗೂ ಕೇಳುವುದು ಕಷ್ಟ.

"ಈ ಮರ್ಯಾದಿ ನನ್ನದಲ್ರಿ," ಅಂದೆ. "ನನ್ನ ಹೆಂಡತೀದು. ಆಕಿ ಹಿಂದ ನಿಂತು ಸೆರಗು ಹೊದ್ರ ನಾ ಸದ್ದು ಇಳಿಸ್ತಿದ್ದೆ. ಇವತ್ತೂ ಆಕೀನೇ ಹೇಳಿದ್ಲಂತ ಇಳಿಸೀನಿ. ಆಕಿ ಇಲ್ಲಂತ ನನ್ನ ಕೈಗ ಇನ್ನಾ ಗೊತ್ತಾಗಿಲ್ರಿ. ತಬಲಾ ಈಗ ಛಲೋ ಕೇಳ್ತದ, ಆಕಿ ಇದ್ದಿದ್ರ ಹೇಳ್ತಿದ್ಲು."

ಕಣ್ಣು ಒರೆಸಿಕೊಂಡು ತಲೆಯೆತ್ತಿದೆ. ಜನ ಜೋರಾಗಿ ಚಪ್ಪಾಳೆ ತಟ್ಟಿದರು, ಗೌಡರೂ ತಟ್ಟಿದರು. ಆಗ ದೂರದಲ್ಲಿದ್ದ ಮಿಕ್ಸರ್ ಕಣ್ಣಿಗೆ ಬಿತ್ತು. ಮಾಸ್ಟರ್ ಗುಂಡಿ ಇನ್ನೂ ಕೆಳಗೇ ಇತ್ತು. ನಾನು ಹೇಳಿದ ಒಂದು ಅಕ್ಷರವೂ ಯಾರಿಗೂ ಕೇಳಿಸಿರಲಿಲ್ಲ.

ವೇದಿಕೆ ಇಳಿಯುವಾಗ ಏರ್ಪಡಿಸಿದವರು ನನ್ನ ಕೈ ಹಿಡಿದು ಕುಲುಕಿದರು. "ಭಾಳ ಛಲೋ ಮಾತಾಡಿದ್ರಿ ನೋಡ್ರಿ. ಏನಂದ್ರಿ?"

"ಏನಿಲ್ರಿ," ಅಂದೆ. "ಮೈಕ್ ಟೆಸ್ಟಿಂಗ್."