ನನ್ನ ಓ ನೆಗೆಟಿವ್ ವೈಭವ

ಮನುಷ್ಯನಿಗೆ ಹೆಮ್ಮೆಪಡಲು ಏನಾದರೂ ಒಂದು ಬೇಕೇ ಬೇಕು. ಕೆಲವರಿಗೆ ಹೊಲ, ಕೆಲವರಿಗೆ ಮೀಸೆ, ನಮ್ಮ ಕಾಲೇಜಿನ ಗುಮಾಸ್ತರಿಗೆ ತಮ್ಮ ದುಂಡನೆಯ ಅಕ್ಷರ. ನನಗೆ ಇವ್ಯಾವುವೂ ಇರಲಿಲ್ಲ. ರಕ್ತ ಮಾತ್ರ ಇತ್ತು. ಅದೂ ಅಂತಿಂಥದ್ದಲ್ಲ, ಸಿಗುವುದೇ ಅಪರೂಪವಾದ ಓ ನೆಗೆಟಿವ್. ಲ್ಯಾಬ್ ಟೆಕ್ನಿಷಿಯನ್ ಆಗಬೇಕೆಂದು ಬರುವ ಮಕ್ಕಳಿಗೆ ಯಾದಗಿರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ರಕ್ತದ ಗುಂಪಿನ ಪಾಠ ಬಂದಾಗಲೆಲ್ಲ ಕನ್ನಡಕ ತೆಗೆದು ಒರೆಸಿ, "ನಂದು ಓ ನೆಗೆಟಿವ್. ನಾ ಎಲ್ಲಾರಿಗೂ ಕೊಡಬಹುದು, ನನಗ ಎಲ್ಲಾರೂ ಕೊಡಾಕ ಬರಂಗಿಲ್ಲ" ಎಂದು ಹೇಳಿ, ಕರ್ಣನ ಖಾಸಾ ತಮ್ಮನಂತೆ ನಿಲ್ಲುತ್ತಿದ್ದೆ.

ಹಾಗೆಂದು ಒಂದು ಬಾಟಲಿ ರಕ್ತವನ್ನೂ ಕೊಟ್ಟವನಲ್ಲ. ರಕ್ತದಾನ ಶಿಬಿರದವರು ಕರೆದರೆ, "ನಂದು ತುರ್ತಿಗೆ ಇಟ್ಟದ್ದು" ಎನ್ನುತ್ತಿದ್ದೆ. ಮನೆಯಲ್ಲೂ ಈ ರಕ್ತದಿಂದ ಬಹಳ ಅನುಕೂಲವಿತ್ತು. ಸಿಲಿಂಡರ್ ಎತ್ತಬೇಕಾದಾಗ, ಮಾಳಿಗೆ ಹತ್ತಿ ಮೆಣಸಿನಕಾಯಿ ಹರವಬೇಕಾದಾಗ, "ಬಿದ್ದು ರಕ್ತ ಹೋದ್ರ ಎಲ್ಲಿ ಹುಡುಕ್ತಿ?" ಎಂದರೆ ಸಾಕು, ಹೆಂಡತಿ ಮಹಾದೇವಿ ಗಾಬರಿಯಾಗಿ ತಾನೇ ಆ ಕೆಲಸ ಮಾಡುತ್ತಿದ್ದಳು. ಸೌತೆಕಾಯಿ ಹೆಚ್ಚಲೂ ನನ್ನ ಕೈಗೆ ಚಾಕು ಕೊಟ್ಟವಳಲ್ಲ.

ಪ್ರಯೋಗದ ತರಗತಿಯಲ್ಲಿ ಮಕ್ಕಳು ಇಬ್ಬಿಬ್ಬರಾಗಿ ಒಬ್ಬರ ಬೆರಳು ಇನ್ನೊಬ್ಬರು ಚುಚ್ಚಿ ಪರೀಕ್ಷೆ ಮಾಡುತ್ತಾರೆ. ಗಾಜಿನ ಸ್ಲೈಡಿನ ಮೇಲೆ ಮೂರು ಹನಿ ರಕ್ತ, ಒಂದೊಂದಕ್ಕೆ ಒಂದೊಂದು ಬಾಟಲಿಯ ದ್ರಾವಣ. ರಕ್ತ ಎಲ್ಲೆಲ್ಲಿ ಕಾಳುಕಾಳಾಗುತ್ತದೆ ಎಂದು ನೋಡಿ ಗುಂಪು ಹೇಳುವುದು. ಎಲ್ಲಿಯೂ ಕಾಳಾಗದಿದ್ದರೆ ಓ ನೆಗೆಟಿವ್. ಕಳೆದ ತಿಂಗಳು ಒಬ್ಬಳು ಬಾರದೆ, ದೋರನಹಳ್ಳಿಯ ರೇಣುಕಾಳಿಗೆ ಜೊತೆ ಇಲ್ಲದಂತಾಯಿತು. ನಾನು ಉದಾರವಾಗಿ ನನ್ನ ಬೆರಳನ್ನೇ ಚಾಚಿದೆ. ಅವಳು ಚುಚ್ಚಿದಳು, ಕಲಸಿದಳು, ನೋಡಿದಳು. ನೋಟ್‌ಬುಕ್ಕಿನಲ್ಲಿ ಬಿ ಪಾಸಿಟಿವ್ ಎಂದು ಬರೆದಳು.

ನಾನು ಕೆಂಪು ಪೆನ್ನಿನಿಂದ ಸೊನ್ನೆ ಹಾಕಿದೆ.

"ಸರ, ಒಡದ ಹಾಲಿನಂಗ ಆಗ್ಯಾದ ನೋಡ್ರಿ," ಎಂದಳು ರೇಣುಕಾ.

"ನೀ ಸರಿಯಾಗಿ ಕಲಸಿಲ್ಲವ್ವ."

"ಮತ್ತೊಮ್ಮೆ ಮಾಡ್ತೀನ್ರಿ."

ಎರಡನೇ ಬೆರಳೂ ಬಿ ಪಾಸಿಟಿವ್ ಎಂದಿತು. ಅನುಮಾನ ತೀರಲೆಂದು ಉಳಿದವರೂ ಸಾಲಾಗಿ ಬಂದರು. ಒಂದು ಗಂಟೆಯಲ್ಲಿ ನನ್ನ ಏಳು ಬೆರಳು ಚುಚ್ಚಿಸಿಕೊಂಡಿದ್ದವು. ಏಳೂ ಅವಳ ಕಡೆಗೇ ಸಾಕ್ಷಿ ಹೇಳಿದವು. ನಾನು ಮಾತ್ರ ಜಗ್ಗಲಿಲ್ಲ. ದ್ರಾವಣ ಸರಿ ಇಲ್ಲ ಎಂದೆ, ಸೆಕೆ ಎಂದೆ, ಕೊನೆಗೆ ಮುಂಜಾನೆ ತಿಂದ ಸುಸಲಾದ ಮೇಲೂ ತಪ್ಪು ಹೊರಿಸಿದೆ.

"ಈ ಅಂಕ ಹೋದ್ರ ನನಗ ಪರೀಕ್ಷಾಕ್ಕ ಕೂಡಾಕ ಬಿಡಂಗಿಲ್ರಿ," ಎಂದಳು ರೇಣುಕಾ. ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. "ಆದ್ರೂ ಓ ನೆಗೆಟಿವ್ ಅಂತ ನಾ ಬರಿಯಂಗಿಲ್ಲ ಸರ. ನಾಳಿ ಪೇಷಂಟಿಂದೂ ಹಿಂಗ ಅವ್ರು ಕೇಳ್ದಂಗ ಬರೀಬೇಕೇನ್ರಿ?"

ಆ ಮಾತು ಏಳು ಸೂಜಿಗಿಂತ ಆಳಕ್ಕೆ ಹೋಯಿತು. ಭಾನುವಾರ ಬಸ್ಸು ಹತ್ತಿ, ಶಹಾಪುರ ದಾಟಿ, ಸುರಪುರದಲ್ಲಿ ಲ್ಯಾಬ್ ಇಟ್ಟಿರುವ ಸಹಪಾಠಿ ಶರಣಪ್ಪನ ಮುಂದೆ ಎಂಟನೇ ಬೆರಳು ಹಿಡಿದೆ. ಅವನು ಪರೀಕ್ಷೆ ಮಾಡಿ, "ಬಿ ಪಾಸಿಟಿವ್" ಎಂದ. ನನ್ನ ಓ ನೆಗೆಟಿವ್ ಕಥೆ ಕೇಳಿದ ಮೇಲೆ ಖುರ್ಚಿ ಹಿಡಿದುಕೊಂಡು ನಕ್ಕ.

"ಹುಚ್ಚಪ್ಪ, ಕಾಲೇಜಿನಾಗ ಮೊದಲ ಸಲ ರಕ್ತ ನೋಡ್ಕೊಂಡ ದಿನ ನಮ್ಮ ಕ್ಲಾಸಿನಾಗ ಎಲ್ಲಾರೂ ಓ ನೆಗೆಟಿವ್ ಇದ್ವಿ! ಬಾಟ್ಲಿ ಬ್ಯಾಸಗಿ ಬಿಸಲಾಗ ಕಿಟಕ್ಯಾಗ ಇಟ್ಟು ದ್ರಾವಣ ಸತ್ತು ಹೋಗಿತ್ತು. ಸತ್ತದ್ದರಾಗ ರಕ್ತ ಹ್ಯಾಂಗ ಕಾಳಗಟ್ಟತದ? ಮರುದಿನ ಹೊಸಾ ಬಾಟ್ಲಿ ತರಿಸಿ ಎಲ್ಲಾರೂ ಮತ್ತ ನೋಡ್ಕೊಂಡ್ವಿ. ನೀ ಎಲ್ಲಿ ಹೋಗಿದ್ದಿ?"

ನೆನಪಾಯಿತು. ನಾನು ರಜೆ ಹಾಕಿ ಕೆಂಭಾವಿಗೆ ಹೋಗಿದ್ದೆ, ನನ್ನ ರಕ್ತ ಎಷ್ಟು ಅಪರೂಪದ್ದೆಂದು ಸೋದರಮಾವನಿಗೆ ಹೇಳಿ ಬರಲು.

ಮನೆಗೆ ಬಂದು ನಿಜ ಹೇಳಿದೆ. ಮಹಾದೇವಿ ಖಾಲಿ ಸಿಲಿಂಡರನ್ನು ಉರುಳಿಸಿಕೊಂಡು ಬಂದು ನನ್ನ ಕಾಲ ಬಳಿ ನಿಲ್ಲಿಸಿ ಒಳಗೆ ಹೋದಳು.

ಸೋಮವಾರ ತರಗತಿಯ ಎದುರು, ನಾನು ಕಲಿತ ಕಾಲೇಜಿನ ಸತ್ತ ದ್ರಾವಣದ ಕಥೆಯೂ ಸೇರಿ ಎಲ್ಲವನ್ನೂ ಒಪ್ಪಿಕೊಂಡು, ರೇಣುಕಾಳ ಸೊನ್ನೆಯನ್ನು ಹೊಡೆದುಹಾಕಿ ಪೂರ್ತಿ ಅಂಕ ಬರೆದೆ. ಮಕ್ಕಳು ಚಪ್ಪಾಳೆ ತಟ್ಟಿದರು. ತಪ್ಪು ಒಪ್ಪಿಕೊಳ್ಳುವ ಗುರು ಎಷ್ಟು ದೊಡ್ಡವನು ಎಂದು ನನಗೇ ನನ್ನ ಮೇಲೆ ಗೌರವ ಮೂಡುತ್ತಿರುವಾಗ ರೇಣುಕಾ ಎದ್ದು ನಿಂತಳು.

"ಸರ, ಒಂದು ಕೇಳ್ಲೇನ್ರಿ? ನಮಗ ಕಲಿಸಾಕತ್ತೀರಲ್ಲ, ಉಳಿದದ್ದೆಲ್ಲಾ ನೀವು ಅದೇ ಕಾಲೇಜಿನಾಗೇ ಕಲ್ತದ್ದೇನ್ರಿ?"

ನಾನು ಕೆಮ್ಮಿ, ಆಗಲೇ ಒಮ್ಮೆ ಕರೆದಿದ್ದ ಹಾಜರಿಯನ್ನು ಮೊದಲಿನಿಂದ ಮತ್ತೆ ಕರೆಯತೊಡಗಿದೆ.