ಮೆಣಸಿನ ಪಕ್ಕದ ಡಬ್ಬಿ

ಯಾರಾದರೂ ಕೆಮ್ಮಿದರೆ ಸಾಕು, ನನ್ನೊಳಗಿನ ವೈದ್ಯ ಎದ್ದು ಕೂರುತ್ತಾನೆ. ಮಸ್ಕತ್ತಿನ ಕಂಪನಿಯೊಂದರಲ್ಲಿ ಏಸಿ ಕೊಳವೆಗಳ ನಕ್ಷೆ ಬಿಡಿಸುವ ನಾನು ಯಾವ ಅಧಿಕಾರದಿಂದ ಕಷಾಯ ಹೇಳುತ್ತೇನೆಂದು ಕೇಳಬೇಡಿ. ಬಾಗಲಕೋಟೆಯಲ್ಲಿ ನಮ್ಮಜ್ಜಿ ಓಣಿಗೆಲ್ಲ ಮದ್ದು ಅರೆದು ಕೊಡುತ್ತಿದ್ದಳು. ಅವಳಿಂದ ನನಗೆ ಬಂದದ್ದು ಕೊಡುವ ಉತ್ಸಾಹ ಮಾತ್ರ. ತೆಗೆದುಕೊಳ್ಳುವವರು ಒಬ್ಬರೂ ಸಿಕ್ಕಿರಲಿಲ್ಲ. ನಾನು ಕಾಸಿದ ಕಷಾಯವನ್ನು ಹೆಂಡತಿ ಸುನಂದಾ ಬಾಲ್ಕನಿಯ ತುಳಸಿಗೆ ಹಾಕುತ್ತಾಳೆ. ತುಳಸಿ ಆರೋಗ್ಯವಾಗಿದೆ.

ಮಸ್ಕತ್ತಿನಾಚೆಯ ಬರ್ಕಾ ಊರಿನ ಮಾರುಕಟ್ಟೆಯಲ್ಲಿ ಗಿಡಮೂಲಿಕೆ ಮಾರುವ ಮುದುಕರೊಬ್ಬರು ಒಮ್ಮೆ ಒಣಗಿದ ಕಪ್ಪು ಕಾಯಿ ತೋರಿಸಿದರು. ಮೆಣಸಿಗಿಂತ ತುಸು ದಪ್ಪ. ಜಬಲ್ ಅಖ್ದರ್ ಬೆಟ್ಟದ ಮೇಲಿನ ಜುನಿಪರ್ ಮರದ್ದು. ನಮ್ಮ ಆಯುರ್ವೇದದ ಹಪುಷ ಕೂಡ ಇದೇ ಬಳಗ. ಅಜೀರ್ಣಕ್ಕೆ, ಕೀಲುನೋವಿಗೆ, ಮುಖ್ಯವಾಗಿ ಮೂತ್ರ ಹೆಚ್ಚಿಸಿ ಮೈಯ ನೀರಿಳಿಸಿ ಬಾವು ತೆಗೆಯಲು ಹಿಂದಿನವರು ಬಳಸುತ್ತಿದ್ದರಂತೆ. ನನಗೆ ತಕ್ಷಣ ಕೆಳಗಿನ ಮನೆಯ ಶೆಟ್ಟರ ಪಾದ ನೆನಪಾಯಿತು, ಸಂಜೆಯಾದರೆ ಬೂಟಿನಿಂದ ಹೊರಬರಲು ಒಪ್ಪದ ಪಾದ. ಓಡೋಡಿ ಒಯ್ದೆ. "ನಿಮ್ಮ ಮದ್ದು ಬೇಡ ಮಾರಾಯ್ರೆ, ನನಗೆ ಇನ್ನೂ ಎರಡು ವರ್ಷ ಸರ್ವಿಸ್ ಉಂಟು" ಎಂದು ಚಹಾ ಕೊಟ್ಟು ಕಳಿಸಿದರು. ಬೇಜಾರಿನಲ್ಲಿ ಕಾಯಿಗಳನ್ನು ಖಾಲಿ ಹಾಲಿನ ಪುಡಿ ಡಬ್ಬಿಗೆ ಸುರಿದು ಮೆಣಸಿನ ಡಬ್ಬಿಯ ಪಕ್ಕಕ್ಕಿಟ್ಟೆ. ನಮ್ಮ ಮನೆಯಲ್ಲಿ ಉಪ್ಪಿನಿಂದ ಪಾಸ್‌ಪೋರ್ಟಿನ ತನಕ ಎಲ್ಲವೂ ಅಂಥ ಡಬ್ಬಿಗಳಲ್ಲೇ ಇರುತ್ತವೆ, ಹೆಸರು ಬರೆಯುವ ಪದ್ಧತಿಯಿಲ್ಲ.

ಮುಂದಿನ ಶುಕ್ರವಾರ ನಮ್ಮ ಕನ್ನಡದವರ ಯುಗಾದಿ ಊಟ, ಬರ್ಕಾದ ಬಾಡಿಗೆ ತೋಟದ ಮನೆಯಲ್ಲಿ. ಮನೆಗೊಂದು ಅಡಿಗೆ, ನಮ್ಮದು ಹೋಳಿಗೆಯ ಜೊತೆಗಿನ ಕಟ್ಟಿನ ಸಾರು. ಸುನಂದಾಳ ಸಾರಿಗೆ ಒಳ್ಳೆಯ ಹೆಸರಿದೆ, ಆ ಹೆಸರೆಂದರೆ ಅವಳಿಗೆ ಜೀವ. "ರೀ, ಸುಮ್ಮ ಕುಂತೀರಲ್ಲ, ಒಂದ್ ಹಿಡಿ ಮೆಣಸರ ಕುಟ್ಟಿ ಕೊಡ್ರಿ" ಎಂದಳು. ಕುಟ್ಟಿ ಕೊಟ್ಟೆ. ಕನ್ನಡಕ ಹಾಕಿಕೊಂಡಿರಲಿಲ್ಲ.

ಊಟದಲ್ಲಿ ಎಲ್ಲರೂ ಸಾರನ್ನೇ ಹೊಗಳಿದರು. ಏನೋ ಕಾಡಿನ ಘಮ ಎಂದು ಶೆಟ್ಟರು ಮೂರು ಬಟ್ಟಲು ಕುಡಿದರು. ನನಗೆ ಮೊದಲ ತುತ್ತಿಗೇ ಗೊತ್ತಾಯಿತು, ನಾನು ಕುಟ್ಟಿದ್ದು ಪಕ್ಕದ ಡಬ್ಬಿಯ ಕಾಯಿ. ಸ್ವಲ್ಪ ಹೊತ್ತಿಗೆ ತೋಟದ ಮನೆಯ ಒಂದೇ ಒಂದು ಶೌಚಾಲಯದ ಮುಂದೆ ಸಾಲು ಬೆಳೆಯಿತು. ಏಸಿ ಜಾಸ್ತಿಯಾಯಿತು ಎಂದರು ಒಬ್ಬರು, ಕಲ್ಲಂಗಡಿಯದೇ ಕೆಲಸ ಎಂದರು ಇನ್ನೊಬ್ಬರು. ಸಾಲಿನಲ್ಲಿದ್ದ ಸುನಂದಾ ಮಾತ್ರ ನನ್ನ ಮುಖ ನೋಡಿ ಎಲ್ಲವನ್ನೂ ಓದಿಕೊಂಡಳು. ಕಾರಿನಲ್ಲಿ ಆಡಿದ್ದು ಒಂದೇ ಮಾತು: "ಇದನ್ನ ಯಾರ ಮುಂದರ ಬಾಯಿ ಬಿಟ್ರ ನನ್ನ ಸಾರಿನ ಹೆಸರು ಖಲಾಸ್. ನೋಡ್ರಿ ಮತ್ತ."

ಭಾನುವಾರ ಸಂಜೆ ಶೆಟ್ಟರು ಲಿಫ್ಟಿನಲ್ಲಿ ಸಿಕ್ಕರು. "ಆಶ್ಚರ್ಯ ಮಾರಾಯ್ರೆ, ಮೊನ್ನೆಯಿಂದ ಬಾವು ಇಳಿದಿದೆ. ಬೂಟು ಸಡಿಲ ಆಗ್ತಾ ಉಂಟು. ಎಂತದು ಇರಬಹುದು?"

ನಲವತ್ತು ಜನ ಒಟ್ಟಿಗೆ ನನ್ನ ಔಷಧಿ ಕುಡಿದಿದ್ದರು, ಅದು ಕೆಲಸವನ್ನೂ ಮಾಡಿತ್ತು. ಜೀವಮಾನದಲ್ಲಿ ಮೊದಲ ಸಲ. ಅಜ್ಜಿಯನ್ನು ನೆನೆದು ಬಾಯಿ ತೆರೆದೆ. ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ಸುನಂದಾ ನಿಂತಿದ್ದಳು.

"ಹವಾ ಬದಲಾಗೇತಲ್ರಿ," ಎಂದೆ, "ಅದಕ್ಕ ಇರಬೇಕು."