ಜಾಸ್ತಿಬಾಯಿ

ನಮ್ಮ ಮನೆಯಲ್ಲಿ ಹೊಟ್ಟೆ ಕೆಡಿಸಿಕೊಳ್ಳುವ ಧೈರ್ಯ ಯಾರಿಗೂ ಇಲ್ಲ. ಅಕಸ್ಮಾತ್ ಕೆಟ್ಟರೂ ಸೋದರತ್ತೆಯ ಕಿವಿಗೆ ಬೀಳದಂತೆ ಮುಚ್ಚಿಡುತ್ತೇವೆ! ಬಿತ್ತೋ, ಗುಳಿಗೆಗಿಂತ ಮೊದಲು ಭಾಷಣ ನುಂಗಬೇಕು.

ಅತ್ತೆ ಔರಾದ ತಾಲ್ಲೂಕಿನ ಎಕಂಬಾದಲ್ಲಿ ಆಶಾ ಕಾರ್ಯಕರ್ತೆ. ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಟ್ಯಾಂಕರ್ ನೀರೇ ಗತಿ, ಕೂಸುಗಳಿಗೆಲ್ಲ ಭೇದಿ. ಓಆರ್‌ಎಸ್ ಪೊಟ್ಟಣ, ಝಿಂಕ್ ಗುಳಿಗೆ ಹಿಡಿದು ಅತ್ತೆ ಮನೆಮನೆ ತಿರುಗಿದಳು. ಝಿಂಕ್ ಎಂದರೆ ಯಾರಿಗೆ ತಿಳಿಯಬೇಕು? ನಮ್ಮ ಕಡೆ ಅದು ಜಸ್ತ. ಬೀದರಿನಲ್ಲಿ ಬಿದರಿ ಹೂಜಿಗೆ ಕರಗಿಸುತ್ತಾರಲ್ಲ, ಅದೇ. ಹಾಗೆಂದೇ ಹೇಳಿದಳು. ಅಲ್ಲೇ ಎಡವಟ್ಟಾಯಿತು!

“ಜಸ್ತದ ಗುಳಿಗಿ ಆಯಿ, ಮೊಮ್ಮಗಗ ಕೊಡ್ರಿ.”

ಆ ಮನೆಯ ಅಜ್ಜಿಗೆ ಕಿವಿ ಮಂದ. “ಜಾಸ್ತಿ ಬ್ಯಾಡ್ರಿ ಬಾಯಿ, ಒಂದು ಸಾಕು.”

“ಜಾಸ್ತಿ ಅಲ್ರಿ, ಜಸ್ತ! ದಿನಕ್ಕ ಒಂದೇ, ಹದಿನಾಲ್ಕು ದಿನ.”

“ಹದಿನಾಲ್ಕಂದ್ರ ಜಾಸ್ತಿನೇ ಆಯ್ತಲ್ರಿ!”

ಅಂದಿನಿಂದ ಊರಿಗೆಲ್ಲ ಅವಳು ಜಾಸ್ತಿಬಾಯಿ. ನಮ್ಮಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಬಾಯಿ ಎನ್ನುತ್ತೇವೆ, ನಿಜ. ಆದರೆ ಅತ್ತೆಯ ಮಟ್ಟಿಗೆ ಹೆಸರನ್ನು ಹೇಗೆ ಅರ್ಥ ಮಾಡಿಕೊಂಡರೂ ತಪ್ಪಿಲ್ಲ!

“ಭೇದಿ ನಿಂತದಲ್ರಿ, ಇನ್ಯಾಕ ಗುಳಿಗಿ?” ಎಂದವರ ಮುಂದೆ ನೀರಿನ ಕೊಡ ಬಡಿಯುವಳು. “ಜಸ್ತದ ಲೇಪ ಅದ ಅಂತ ಇದಕ್ಕ ಜಂಗ್ ಹಿಡದಿಲ್ಲ. ಕೂಸಿನ ಕರುಳಿಗೂ ತಾಕತ್ತ ಬರ್ಬೇಕು, ಮತ್ತ ಮತ್ತ ಬ್ಯಾನಿ ಬರಬಾರ್ದು.”

“ಹಂಗಾರ ಕೊಡಾನೇ ನೆಕ್ಕಸಲೇನ್ರಿ?” ಎಂದ ಒಬ್ಬ ಮಹಾಶಯ. ಅವನಿಗೆ ಬಿದ್ದ ಭಾಷಣ ಮಾತ್ರ ನಿಜವಾಗಿಯೂ ಜಾಸ್ತಿ.

ಒಂದು ಬೆಳಿಗ್ಗೆ ನಾನು ಭಾಲ್ಕಿಯಿಂದ ಹೋದಾಗ ಅತ್ತೆ ಒಂದು ಬೀಗ ಹಾಕಿದ ಮನೆಯ ಮುಂದೆ ಚಡಪಡಿಸುತ್ತಿದ್ದಳು. ಆ ಮನೆಯವರು ಪುಣೆ ಕಡೆ ಕಟ್ಟಡ ಕೆಲಸಕ್ಕೆ ಹೊರಟಿದ್ದರು. ಕೂಸಿಗೆ ಐದೇ ಗುಳಿಗೆ ಆಗಿತ್ತು, ಉಳಿದವು ಕಿಟಕಿಯಲ್ಲೇ ಬಿದ್ದಿದ್ದವು! ಅವನ್ನು ಎತ್ತಿಕೊಂಡು ನನ್ನ ಬೈಕಿನಲ್ಲಿ ಔರಾದ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಬಸ್ಸು ಹೊರಟಿತ್ತು. ಅತ್ತೆ ಅದರೆದುರು ಎರಡೂ ಕೈ ಚಾಚಿ ನಿಂತಳು.

“ಟಿಕೆಟ್ ಎಲ್ಲಿಗ್ರಿ?” ಎಂದ ಕಂಡಕ್ಟರ್.

“ಟಿಕೆಟ್ ಬ್ಯಾಡ್ರಿ, ಒಂಬತ್ತು ಗುಳಿಗಿ ಉಳದಾವ!”

ಬಸ್ಸಿನಲ್ಲಿದ್ದ ಕೂಸಿನ ತಾಯಿಗೆ ದಿನ ಎಣಿಸಲು ಬಾರದು. ಅತ್ತೆ ತನ್ನ ಚೀಲದ ಲಾಡಿಯನ್ನೇ ಎಳೆದು ಒಂಬತ್ತು ಗಂಟು ಹಾಕಿದಳು. “ದಿನಾ ಒಂದು ಗುಳಿಗಿ, ಒಂದು ಗಂಟು ಬಿಚ್ಚು ಮಗಳ.” ಬಾಯಿ ತೆರೆದ ಚೀಲವನ್ನು ಕಂಕುಳಲ್ಲಿ ಒತ್ತಿಕೊಂಡು ಹಿಂತಿರುಗಿದಳು.

ಮುಂಗಾರಿನ ಮಿರಗದ ಮಳೆಗೆ ಅವರು ಊರಿಗೆ ಬಂದರು. ಕೂಸು ತಪ್ಪು ಹೆಜ್ಜೆ ಇಡುತ್ತ ಅಂಗಳವೆಲ್ಲ ತಿರುಗುತ್ತಿತ್ತು. ತಾಯಿ ಸೆರಗಿನಿಂದ ಲಾಡಿ ತೆಗೆದು ಅತ್ತೆಯ ಅಂಗೈಗಿಟ್ಟಳು. “ನಿಮ್ಮದು ಜ್ವಾಪಾನ ಇಟ್ಟೀನ್ರಿ ಬಾಯಿ. ಒಂದೂ ಗಂಟು ಉಳದಿಲ್ಲ ನೋಡ್ರಿ.”

ಅತ್ತೆ ಆ ಲಾಡಿಯನ್ನು ಉದ್ದಕ್ಕೂ ಬೆರಳಲ್ಲಿ ಸವರಿದಳು. ಇವಳು ನಮ್ಮ ಅತ್ತೆ ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು ನನಗೆ. ಆದರೆ ಜಾಸ್ತಿಬಾಯಿಯ ಬಾಯಿಂದ ಅಂದು ಒಂದು ಮಾತೂ ಹೊರಡಲಿಲ್ಲ.